ಕ್ವಾರಿ ಪಕ್ಕದ ಊರಿಗೆ ಕಂಪನಿ ಏನು ಮಾಡಬಹುದು?

ಪ್ರಶ್ನೆ: ಮಳವಳ್ಳಿ ತಾಲೂಕಿನಲ್ಲಿ ನಮ್ಮದೊಂದು ಕಲ್ಲು ಕ್ವಾರಿ ಮತ್ತು ಜಲ್ಲಿ ಕ್ರಷರ್ ಇದೆ. ತಂದೆ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಪ್ರತಿ ವರ್ಷ ಊರ ಹಬ್ಬಕ್ಕೆ ದುಡ್ಡು ಕೊಡುತ್ತೇವೆ, ಶಾಲೆ ಮಕ್ಕಳಿಗೆ ಬ್ಯಾಗು, ನೋಟ್‌ಬುಕ್ ಹಂಚುತ್ತೇವೆ. ಆದರೂ ಹೋದ ತಿಂಗಳು ಜನ ನಮ್ಮ ಟಿಪ್ಪರ್‌ಗಳನ್ನು ಅಡ್ಡ ಹಾಕಿದರು. ಧೂಳು, ಮನೆ ಬಿರುಕು, ರಸ್ತೆ ಎಂದು ಕೂಗಾಡಿದರು. ಊರಿಗೆ ನಿಜವಾಗಿ ಉಪಯೋಗ ಆಗುವಂಥದ್ದು ಮಾಡಬೇಕು ಅಂತ ನನಗೂ ಆಸೆ ಇದೆ. ವರ್ಷಕ್ಕೆ ಹತ್ತು ಲಕ್ಷದವರೆಗೆ ಖರ್ಚು ಮಾಡಬಲ್ಲೆ. ದೇವಸ್ಥಾನದ ಗೋಪುರ ಕಟ್ಟಿಸಿಕೊಡಿ ಅಂತ ಕೆಲವು ಮುಖಂಡರು ಹೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಧೂಳು, ಬಿರುಕು, ರಸ್ತೆ. ಜನ ಕೇಳಿದ್ದು ಈ ಮೂರನ್ನೇ ಅಲ್ವಾ? ಹಾಗಾದರೆ ಅಲ್ಲಿಂದಲೇ ಶುರು ಮಾಡಿ. ಗೋಪುರದ ಮಾತು ಸದ್ಯಕ್ಕೆ ಬೇಡ. ಮೊದಲ ವರ್ಷ ನಿಮ್ಮ ಹತ್ತು ಲಕ್ಷವನ್ನೂ ಮುಟ್ಟಬೇಡಿ ಅಂತಲೇ ನಾನು ಹೇಳುತ್ತೇನೆ. ಕ್ವಾರಿಯ ಒಳಗೆ ಆಗಬೇಕಾದ ಕೆಲಸ ಕ್ವಾರಿಯ ಖರ್ಚಿನಲ್ಲೇ ಆಗಲಿ. ಡೀಸೆಲ್, ಸಂಬಳ, ಸಿಡಿಮದ್ದಿನ ಲೆಕ್ಕದ ಜೊತೆಗೆ ಧೂಳಿನ ಲೆಕ್ಕವೂ ಬರಬೇಕು. ಅದನ್ನು ಊರಿಗೆ ಮಾಡಿದ ಉಪಕಾರ ಅಂತ ಬರೆದುಕೊಂಡರೆ ಜನ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಧೂಳಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಿಮ್ಮದು ರೇಷ್ಮೆ ಬೆಳೆಯುವ ಸೀಮೆ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಕ್ರಷರ್ ಪುಡಿ ಕೂತರೆ ಹುಳು ಸರಿಯಾಗಿ ತಿನ್ನುವುದಿಲ್ಲ. ತಿನ್ನದಿದ್ದರೆ ಬೆಳವಣಿಗೆ ಕುಂಠಿತ, ಗೂಡು ಹಗುರ. ಒಂದು ಬೆಳೆ ಮೊಟ್ಟೆಯಿಂದ ಗೂಡಿಗೆ ಬರಲು 25ರಿಂದ 28 ದಿನ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲಿನ ಒಂದು ವಾರದಲ್ಲೇ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲಿಗಿಂತ ಜಾಸ್ತಿ ತಿನ್ನುತ್ತದೆ. ಆ ವಾರ ಸೊಪ್ಪು ಕೆಟ್ಟರೆ ಇಡೀ ಬೆಳೆ ಕೆಟ್ಟ ಹಾಗೆ. ಕ್ರಷರ್ ಪಕ್ಕದ ತೋಟದ ಒಬ್ಬ ಹೆಣ್ಣುಮಗಳು ಸೊಪ್ಪನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಅದ್ದಿ ತೊಳೆದು, ಗೋಣಿಚೀಲದ ಮೇಲೆ ಹರವಿ, ಎಲೆ ಎಲೆ ತಿರುವಿ ಹಾಕಿ ಒಣಗಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಟಬ್ಬಿನ ತಳದಲ್ಲಿ ಬೂದಿಬಣ್ಣದ ಕೆಸರು ನಿಂತಿತ್ತು. ಸೊಪ್ಪಿನಲ್ಲಿ ತೇವ ಉಳಿದರೆ ಹುಳುವಿಗೆ ರೋಗ ಬರುತ್ತದೆ, ಹಾಗಂತ ಒಣಗಲು ಬಿಟ್ಟರೆ ಸೊಪ್ಪು ಬಾಡುತ್ತದೆ. ದಿನಕ್ಕೆ ಎರಡು ಮೂರು ಸಲ ಸೊಪ್ಪು ಹಾಕುವ ಮನೆಯಲ್ಲಿ ಇದು ಎಂಥ ಕೆಲಸ ಅಂತ ಯೋಚನೆ ಮಾಡಿ. ಆಕೆಯ ಮಗುವಿಗೂ ನೀವು ಬ್ಯಾಗು ಕೊಟ್ಟಿರುತ್ತೀರಿ.

ಧೂಳು ತಡೆಯುವ ಕೆಲಸದಲ್ಲಿ ಹೊಸ ವಿದ್ಯೆ ಏನೂ ಇಲ್ಲ. ಕ್ರಷರ್‌ನ ದವಡೆ, ಜರಡಿ, ಬೆಲ್ಟಿನಿಂದ ಜಲ್ಲಿ ಬೀಳುವ ಜಾಗ, ಇವಿಷ್ಟನ್ನೂ ಶೀಟ್ ಹೊದಿಸಿ ಮುಚ್ಚಬೇಕು. ಅಲ್ಲೇ ಸಣ್ಣ ತೂತಿನ ನೀರಿನ ಸ್ಪ್ರೇ ಇರಬೇಕು. ಗಾಳಿಗೆ ಅಡ್ಡಗೋಡೆ, ಒಳಗಿನ ದಾರಿಗೆ ಗಟ್ಟಿ ಹಾಸು, ದಿನಾ ನೀರು, ಸುತ್ತ ಹೊಂಗೆ, ಬೇವಿನಂಥ ಮರಗಳ ಸಾಲು. ಇದೆಲ್ಲ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಕ್ರಷರ್‌ಗೆ ಈಗಾಗಲೇ ಇರುವ ಷರತ್ತು. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ 600 ಮೈಕ್ರೋಗ್ರಾಂ ದಾಟಬಾರದು ಅಂತ ಮಿತಿಯೂ ಇದೆ. ಬಹಳ ಕಡೆ ಸ್ಪ್ರೇ ಇರುತ್ತದೆ, ನಾಜಲ್ ಕಟ್ಟಿಕೊಂಡಿರುತ್ತದೆ. ಅಧಿಕಾರಿಗಳು ಬಂದ ದಿನ ಮಾತ್ರ ಮೋಟರ್ ಓಡುತ್ತದೆ. ನಿಮ್ಮಲ್ಲಿ ಹಾಗಾಗಬಾರದು ಅಂದರೆ ಒಬ್ಬನಿಗೆ ಅದೇ ಕೆಲಸ ಕೊಡಿ. ಬೆಳಗ್ಗೆ ನಾಜಲ್ ನೋಡದೆ ಕ್ರಷರ್ ಶುರು ಆಗಕೂಡದು. ಸುತ್ತಮುತ್ತ ಯಾವ ಮನೆಯಲ್ಲಿ ಹುಳು ಯಾವ ಹಂತದಲ್ಲಿದೆ ಅನ್ನುವುದೂ ಅವನಿಗೆ ಗೊತ್ತಿರಲಿ. ಕೊನೆ ವಾರದ ಹುಳು ಇದ್ದಾಗ ಆ ದಿಕ್ಕಿನ ರಸ್ತೆಗೆ ಇನ್ನೆರಡು ಟ್ಯಾಂಕರ್ ನೀರು ಜಾಸ್ತಿ ಹೊಡೆಸಿದರೆ ನಿಮಗೇನೂ ದೊಡ್ಡ ಖರ್ಚಲ್ಲ. ಆ ನೀರು ಊರಿನ ಬೋರ್‌ವೆಲ್‌ನದ್ದಾಗಿರಬಾರದು ಅಷ್ಟೆ. ಕ್ವಾರಿ ಗುಂಡಿಯಲ್ಲಿ ನಿಂತ ಮಳೆನೀರನ್ನೇ ಬಳಸಿ. ಇಷ್ಟೆಲ್ಲ ಮಾಡಿದ ಮೇಲೂ ಸೊಪ್ಪು ಹಾಳಾಯಿತು ಅಂದರೆ ರೇಷ್ಮೆ ಇಲಾಖೆಯವರಿಂದ ನಷ್ಟ ಅಂದಾಜು ಮಾಡಿಸಿ, ರೈತರ ಖಾತೆಗೇ ಹಣ ಹಾಕಿ. ಮಧ್ಯೆ ಯಾರೂ ಇರುವುದು ಬೇಡ.

ಇನ್ನು ಬಿರುಕು. ಮಂಡ್ಯ ಜಿಲ್ಲೆಯಲ್ಲಿ ಬ್ಲಾಸ್ಟಿಂಗ್ ಅಂದರೆ ಜನ ಯಾಕೆ ಹೆದರುತ್ತಾರೆ ಅಂತ ನಿಮಗೆ ಗೊತ್ತಿದೆ. ಕೆಆರ್‌ಎಸ್ ಹತ್ತಿರದ ಬೇಬಿ ಬೆಟ್ಟದ ಗಣಿಗಾರಿಕೆಯ ಜಗಳವನ್ನು ವರ್ಷಗಟ್ಟಲೆ ಕಂಡ ಜಿಲ್ಲೆ ಇದು. ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದು ಅಂತ 2024ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ನಿಮ್ಮ ಜಾಗ ಆ ಮಿತಿಯಿಂದ ಹೊರಗಿದೆ, ನಿಜ. ಭಯಕ್ಕೆ ಮಾತ್ರ ಮಿತಿ ಇಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಕ್ವಾರಿಯ ಸಿಡಿಮದ್ದು ಸಿಡಿದು ಜೀವ ಹೋದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ.

ನೀವು ಮಾಡಬೇಕಾದ್ದು ಇಷ್ಟು. ಕ್ವಾರಿಗೆ ಹತ್ತಿರದ ಪ್ರತಿ ಮನೆಯ ಗೋಡೆ, ಸೂರು, ನೀರಿನ ತೊಟ್ಟಿಯ ಫೋಟೋ ತೆಗೆಸಿ. ತಾರೀಖು ಹಾಕಿ, ಮನೆಯವರ ಸಹಿ ಪಡೆದು, ಒಂದು ಪ್ರತಿ ಅವರ ಕೈಗೇ ಕೊಡಿ. ನಾಳೆ ಹೊಸ ಬಿರುಕು ಬಂತಾ, ಹಳೆಯದಾ ಅನ್ನುವ ವಾದ ಅಲ್ಲಿಗೆ ಮುಗಿಯುತ್ತದೆ. ಎರಡನೆಯದು, ಕಂಪನ ಅಳೆಯುವ ಯಂತ್ರವನ್ನು ಊರಿನ ತುದಿಮನೆ ಹತ್ತಿರ ಇಡಿ. ಗಣಿ ಸುರಕ್ಷತಾ ನಿರ್ದೇಶನಾಲಯದ ಮಿತಿ ಸ್ಪಷ್ಟವಾಗಿದೆ. ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ವಾಸದ ಮನೆಯ ಬಳಿ ನೆಲದ ಅದುರು ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. 8ರಿಂದ 25ರವರೆಗೆ 10, ಅದಕ್ಕಿಂತ ಮೇಲಾದರೆ 15. ಪ್ರತಿ ಬ್ಲಾಸ್ಟ್ ಆದ ಮೇಲೆ ಬಂದ ಅಂಕಿಯನ್ನು ಪಂಚಾಯಿತಿ ಕಚೇರಿಯ ಬೋರ್ಡ್ ಮೇಲೆ ಬರೆಸಿ, ಪಕ್ಕದಲ್ಲೇ ಮಿತಿಯನ್ನೂ ಬರೆಸಿ. ಒಂದೇ ಸಲಕ್ಕೆ ಎಲ್ಲ ಕುಳಿ ಸಿಡಿಸದೆ, ಮಿಲಿಸೆಕೆಂಡುಗಳ ಅಂತರ ಕೊಟ್ಟು ಒಂದೊಂದಾಗಿ ಸಿಡಿಸುವ ಡಿಟೋನೇಟರ್ ಬಳಸಿದರೆ ಅದುರು ಬಹಳ ಕಡಿಮೆ ಆಗುತ್ತದೆ. ಸಮಯ ಗೊತ್ತು ಮಾಡಿ, ಸೈರನ್ ಹಾಕಿ, ಕಲ್ಲು ಹಾರುವ ಸುತ್ತಲಿನ 500 ಮೀಟರ್ ಒಳಗೆ ಕುರಿ ಮೇಯಿಸುವವರು, ಕಳೆ ಕೀಳುವವರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಸಿಡಿಸಬೇಕು. ಮಣ್ಣಿನ ಗೋಡೆ, ನಾಡಹೆಂಚಿನ ಮನೆಗಳಿಗೆ ಬಿರುಕು ಬಂದದ್ದು ನಿಮ್ಮಿಂದಲೇ ಅಂತ ಗೊತ್ತಾದರೆ ರಿಪೇರಿ ಮಾಡಿಸಿಕೊಡಿ. ಸುಮ್ನೆ ಐದು ಸಾವಿರ ಕೊಟ್ಟು ಬಾಯಿ ಮುಚ್ಚಿಸುವುದು ಬೇಡ.

ರಸ್ತೆಯದ್ದು ಸುಲಭ. ಟಾರ್ಪಾಲ್ ಹೊದಿಸದೆ ಟಿಪ್ಪರ್ ಗೇಟು ದಾಟಬಾರದು. ಪರ್ಮಿಟ್ಟಿನಲ್ಲಿ ಬರೆದಷ್ಟೇ ಲೋಡು. ಮಕ್ಕಳು ಶಾಲೆಗೆ ಹೋಗುವ, ಬರುವ ಹೊತ್ತಿನಲ್ಲಿ ಊರೊಳಗೆ ಗಾಡಿ ಬೇಡ. ಕಬ್ಬು ಕಟಾವಿನ ಕಾಲದಲ್ಲಿ ಅದೇ ರಸ್ತೆಯಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರ್ ಸಾಲುಗಟ್ಟಿ ಹೋಗುತ್ತವೆ, ಕತ್ತಲಲ್ಲಿ ಕಾಣುವುದೂ ಇಲ್ಲ. ಆ ತಿಂಗಳುಗಳಲ್ಲಿ ರಾತ್ರಿ ಟ್ರಿಪ್ ನಿಲ್ಲಿಸಿ. ಊರ ಗಾಡಿಗಳಿಗೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ ಅಂಟಿಸಿಕೊಡಿ.

ನೀವು ಬರೆಯದೇ ಇರುವ ಒಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ನಿಮ್ಮ ಕಾರ್ಮಿಕರ ಎದೆ. ನಮ್ಮ ಕಡೆಯ ಗ್ರಾನೈಟ್, ನೈಸ್ (gneiss) ಕಲ್ಲುಗಳಲ್ಲಿ ಬೆಣಚಿನ, ಅಂದರೆ ಸಿಲಿಕಾದ ಅಂಶ ಇರುತ್ತದೆ. ಕಲ್ಲು ಕೊರೆಯುವಾಗ ಏಳುವ ಆ ನುಣ್ಣನೆಯ ಸಿಲಿಕಾ ಪುಡಿ ಕಣ್ಣಿಗೆ ಕಾಣುವುದಿಲ್ಲ. ವರ್ಷಗಟ್ಟಲೆ ಉಸಿರಿನಲ್ಲಿ ಹೋಗಿ ಶ್ವಾಸಕೋಶ ಗಟ್ಟಿಯಾಗುವುದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಮದ್ದಿಲ್ಲ. ಬಂದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಜಾಸ್ತಿ. ಕೆಮ್ಮು, ಸುಸ್ತು, ತೂಕ ಇಳಿಯುವುದು ಎರಡರಲ್ಲೂ ಒಂದೇ ಥರ. ಅದಕ್ಕೇ ಎಷ್ಟೋ ಜನ ಬರೀ ಟಿಬಿ ಮಾತ್ರೆ ನುಂಗುತ್ತಾ ಇರುತ್ತಾರೆ, ಮೂಲ ಕಾಯಿಲೆ ಹೆಸರೇ ಹೊರಗೆ ಬರುವುದಿಲ್ಲ. ಡ್ರಿಲ್ಲಿಂಗ್ ಒಣದಾಗಿ ನಡೆಯುತ್ತಿದ್ದರೆ ಇವತ್ತೇ ನಿಲ್ಲಿಸಿ, ನೀರು ಹಾಯಿಸುವ ಡ್ರಿಲ್ ತನ್ನಿ. ಮೂಗಿಗೆ ಟವಲ್ ಸುತ್ತಿಕೊಂಡರೆ ಸಿಲಿಕಾ ನಿಲ್ಲುವುದಿಲ್ಲ. ಎನ್‌95 ದರ್ಜೆಯ ಮಾಸ್ಕ್ ಕೊಡಿ, ಆದರೆ ಮಾಸ್ಕ್ ಕೊಟ್ಟೆ ಅಂತ ನೀರು ನಿಲ್ಲಿಸಬೇಡಿ. ಎಲ್ಲರಿಗೂ ಎದೆಯ ಎಕ್ಸ್‌ರೇ, ಉಸಿರಾಟದ ಪರೀಕ್ಷೆ ಮಾಡಿಸಿ. ಗುತ್ತಿಗೆಯವರು, ಹೊರರಾಜ್ಯದಿಂದ ಬಂದವರು ಅಂತ ಯಾರನ್ನೂ ಬಿಡಬೇಡಿ. ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಎದೆರೋಗಕ್ಕೆ ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಇದೆ. ವೈದ್ಯರಿಗೆ ಇವರು ಕಲ್ಲು ಕೊರೆಯುವವರು ಅಂತ ಮೊದಲೇ ಹೇಳಿ ಕಳಿಸಬೇಕು, ಇಲ್ಲದಿದ್ದರೆ ಅವರೂ ಟಿಬಿಯನ್ನೇ ಹುಡುಕುತ್ತಾರೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಹಳೆಯ ಕಾರ್ಮಿಕರನ್ನೂ ಕರೆಸಿ. ಈ ಕಾಯಿಲೆ ಎಷ್ಟೋ ವರ್ಷ ಆದ ಮೇಲೆ ತಲೆ ಎತ್ತುತ್ತದೆ. ಕಾನೂನಿನ ಕಣ್ಣಲ್ಲಿ ಇದು ಉದ್ಯೋಗದಿಂದ ಬಂದ ಕಾಯಿಲೆ, ಪರಿಹಾರ ಅವರ ಹಕ್ಕು. ರಿಪೋರ್ಟು ನಿಮ್ಮ ಆಫೀಸಿನ ಬೀರುವಿನಲ್ಲಿ ಉಳಿಯದೆ ಅವರ ಕೈಗೆ ಹೋಗಲಿ.

ಈಗ ದುಡ್ಡಿನ ವಿಷಯ. ಇಲ್ಲಿ ಬಹಳ ಮಾಲೀಕರು ಮೂರು ಬೇರೆ ಬೇರೆ ಲೆಕ್ಕಗಳನ್ನು ಕಲಸಿಬಿಡುತ್ತಾರೆ.

ಒಂದು, ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಖರ್ಚು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಖರ್ಚು ಮಾಡಲೇಬೇಕು. ನಿಮ್ಮಂಥ ಸಣ್ಣ ಕ್ವಾರಿಗಳು ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ. ಬಂದರೂ ಒಂದು ವಿಷಯ ಗಮನಿಸಿ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕುವ ಹಾಗಿಲ್ಲ. ಪರಿಸರ ಅನುಮತಿಯ ಷರತ್ತಿನಂತೆ ಗಿಡ ನೆಟ್ಟು, ರಸ್ತೆಗೆ ನೀರು ಹೊಡೆಸಿ ಅದನ್ನೇ ಸಮಾಜಸೇವೆ ಅಂತ ತೋರಿಸಲು ಆಗುವುದಿಲ್ಲ. ಗೋಪುರ ಕಟ್ಟುವುದೂ ಆ ಕಾಯ್ದೆಯ ಕೆಲಸಗಳ ಪಟ್ಟಿಯಲ್ಲಿಲ್ಲ.

ಎರಡು, ಪರಿಸರ ಅನುಮತಿ. ಅದರ ಜೊತೆಗಿರುವ ನಿರ್ವಹಣಾ ಯೋಜನೆಯಲ್ಲಿ ಊರಿಗೆ ಏನು ಮಾಡುತ್ತೇವೆ ಅಂತ ನಿಮ್ಮ ತಂದೆಯವರ ಕಾಲದಲ್ಲೇ ಬರೆದುಕೊಟ್ಟಿರಬಹುದು. ಹಳೆಯ ಫೈಲು ತೆಗೆದು ಓದಿ. ಅನುಮತಿಯ ಪ್ರತಿ ಗ್ರಾಮ ಪಂಚಾಯಿತಿಗೂ ಹೋಗಿರಬೇಕು. ಷರತ್ತು ಪಾಲಿಸಿದ ವರದಿಯನ್ನು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು. ಆ ಷರತ್ತುಗಳನ್ನು ಸರಳ ಕನ್ನಡದಲ್ಲಿ ಬರೆಸಿ ಪಂಚಾಯಿತಿ ಗೋಡೆಗೆ ಅಂಟಿಸಿ. ಊರಿನವರು ಅದನ್ನು ಮಾಹಿತಿ ಹಕ್ಕಿನಲ್ಲಿ ಪಡೆದು ನಿಮ್ಮ ಮುಂದೆ ಹಿಡಿಯುವ ಮೊದಲು ನೀವೇ ಕೊಡುವುದು ಮೇಲು.

ಮೂರು, ಜಿಲ್ಲಾ ಖನಿಜ ಪ್ರತಿಷ್ಠಾನ. 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಹುಟ್ಟಿದ್ದು. ಕಬ್ಬಿಣದ ಅದಿರಿನಂಥ ಮುಖ್ಯ ಖನಿಜಗಳ ಗುತ್ತಿಗೆದಾರರು ರಾಯಲ್ಟಿಯ ಮೇಲೆ 10 ಅಥವಾ 30 ಪರ್ಸೆಂಟ್ ಇದಕ್ಕೆ ಕಟ್ಟುತ್ತಾರೆ. ಕಟ್ಟಡ ಕಲ್ಲಿನಂಥ ಉಪಖನಿಜಕ್ಕೆ ದರ ಗೊತ್ತು ಮಾಡುವುದು ರಾಜ್ಯ ಸರ್ಕಾರ. ನಿಮ್ಮ ಚಲನ್ ನೋಡಿ, ಕಟ್ಟಿರುತ್ತೀರಿ. ಇದು ಗಣಿಯಿಂದ ತೊಂದರೆ ಆದ ಊರುಗಳ ದುಡ್ಡು. 2024ರ ಕೇಂದ್ರದ ಮಾರ್ಗಸೂಚಿ ಗಣಿಯಿಂದ 15 ಕಿಲೋಮೀಟರ್ ಒಳಗಿನ ಜಾಗವನ್ನು ನೇರವಾಗಿ ತೊಂದರೆಗೊಳಗಾದ ಪ್ರದೇಶ ಅಂತ ಕರೆಯುತ್ತದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ತುರ್ತು ವಿಷಯಗಳಿಗೆ ಕನಿಷ್ಠ 70 ಪರ್ಸೆಂಟ್ ಹಣ ಹೋಗಬೇಕು ಅನ್ನುತ್ತದೆ. ಊರಿನ ಬಹಳ ಜನಕ್ಕೆ ಈ ನಿಧಿ ಇರುವುದೇ ಗೊತ್ತಿಲ್ಲ. ನೀವು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಕಟ್ಟಿದ ಮೊತ್ತವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು, ಊರಿನವರ ಬೇಡಿಕೆ ಪಟ್ಟಿ ತಯಾರಾಗಲು ಒಬ್ಬ ಎಂಜಿನಿಯರ್ ಕೊಟ್ಟು ಅಂದಾಜುಪಟ್ಟಿ ಬರೆಸುವುದು, ಜಿಲ್ಲಾಧಿಕಾರಿ ಕಚೇರಿಗೆ ಅವರ ಜೊತೆ ನೀವೂ ಹೋಗುವುದು. ನಿಮ್ಮ ಹತ್ತು ಲಕ್ಷಕ್ಕಿಂತ ಹೆಚ್ಚಿನ ಕೆಲಸ ಅದರಿಂದ ಆಗಬಹುದು. ಬಳ್ಳಾರಿ ಸೀಮೆಯಲ್ಲಿ ಗಣಿ ಪ್ರದೇಶದ ಪುನಶ್ಚೇತನಕ್ಕೆ ಅಂತ ಸಾವಿರಾರು ಕೋಟಿ ಕೂಡಿತು, ಖರ್ಚಾಗದೆ ವರ್ಷಗಟ್ಟಲೆ ಹಾಗೇ ಕೂತಿತ್ತು. ಆ ಹೊತ್ತಿನಲ್ಲೂ ಅಲ್ಲಿನ ಊರುಗಳ ಮಕ್ಕಳು ಧೂಳು ಕುಡಿಯುತ್ತಲೇ ಇದ್ದರು. ಕೇಳುವವರು ಇಲ್ಲದಿದ್ದರೆ ದುಡ್ಡು ಊರಿಗೆ ಇಳಿಯುವುದಿಲ್ಲ.

ಮುಖಂಡರ ಬಗ್ಗೆ ಒಂದು ಮಾತು. ನಾಲ್ಕು ಜನರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟು ಮಾತು ಮುಗಿಸುವ ಪದ್ಧತಿ ಬಿಡಿ. ಗೋಪುರ ಕೇಳಿದವರು ಕ್ರಷರ್ ಪಕ್ಕದ ಕೇರಿಯವರೇ? ಸಾಮಾನ್ಯವಾಗಿ ಅಲ್ಲ. ಧೂಳು ಜಾಸ್ತಿ ಕುಡಿಯುವುದು ಊರಾಚೆಯ ಕೇರಿ, ಗೋಮಾಳದ ಅಂಚಿನ ಮನೆ. ಅಲ್ಲಿಯ ಹೆಂಗಸರು ಗ್ರಾಮಸಭೆಗೆ ಬಂದರೂ ಹಿಂದೆ ನಿಲ್ಲುತ್ತಾರೆ. ಹಾಗಾಗಿ ಗ್ರಾಮಸಭೆಗೆ ಮೊದಲು ಸ್ತ್ರೀಶಕ್ತಿ ಸಂಘದವರ ಜೊತೆ ಬೇರೆಯೇ ಕೂತು ಮಾತಾಡಿ. ಗೇಟಿನಲ್ಲಿ ದೂರು ಪುಸ್ತಕ ಇಡಿ. ಬರೆಯಲು ಬಾರದವರಿಗೆ ಒಂದು ಫೋನ್ ನಂಬರ್ ಇರಲಿ. ಯಾವ ದೂರು ಯಾವತ್ತು ಬಂತು, ಏನು ಮಾಡಿದಿರಿ ಅನ್ನುವುದನ್ನು ತಿಂಗಳಿಗೊಮ್ಮೆ ಬೋರ್ಡಿಗೆ ಹಾಕಿ. ಪಂಚಾಯಿತಿಯ ಜಮಾಬಂದಿಯಲ್ಲಿ ವರ್ಷದ ಲೆಕ್ಕ ಜನರ ಮುಂದೆ ಬರುತ್ತದಲ್ಲ, ನೀವು ಊರಿಗೆ ಕೊಟ್ಟದ್ದರ ಲೆಕ್ಕವೂ ಅದೇ ದಿನ ಅಲ್ಲೇ ಬರಲಿ.

ಕೆಲಸದ ವಿಷಯದಲ್ಲಿ ಸುಳ್ಳು ಆಸೆ ಹುಟ್ಟಿಸಬೇಡಿ. ಮೊದಲು ನೂರು ಜನ ಸುತ್ತಿಗೆ ಹಿಡಿಯುತ್ತಿದ್ದ ಕಡೆ ಈಗ ಎರಡು ಹಿಟಾಚಿ ಸಾಕು. ಊರಿನ ಎಲ್ಲ ಹುಡುಗರಿಗೂ ಕೆಲಸ ಕೊಡುತ್ತೇನೆ ಅಂದರೆ ಆಗದ ಮಾತು. ಆದರೆ ಭಾರಿ ವಾಹನದ ಲೈಸೆನ್ಸ್, ಯಂತ್ರ ಓಡಿಸುವುದು, ವೆಲ್ಡಿಂಗ್, ಮೋಟರ್ ರಿಪೇರಿ ಕಲಿಸಿದರೆ ಕ್ವಾರಿ ಮುಚ್ಚಿದ ಮೇಲೂ ಆ ಹುಡುಗರು ಬದುಕುತ್ತಾರೆ. ನಿಮ್ಮ ಕ್ಯಾಂಟೀನಿಗೆ ಮುದ್ದೆ, ಸಾರು ಮಾಡಿಕೊಡುವ ಗುತ್ತಿಗೆ ಊರಿನ ಮಹಿಳಾ ಸಂಘಕ್ಕೆ ಕೊಡಿ, ಹಣವನ್ನು ವಾರವಾರಕ್ಕೆ ತೀರಿಸಿ. ಟ್ಯಾಂಕರ್, ಟಾರ್ಪಾಲ್, ತರಕಾರಿ, ಸಸಿ ಯಾವುದು ಊರಲ್ಲಿ ಸಿಗುತ್ತದೋ ಅದನ್ನು ಊರಲ್ಲೇ ಕೊಳ್ಳಿ.

ಹಾಗಾದರೆ ಎರಡನೇ ವರ್ಷದಿಂದ ಹತ್ತು ಲಕ್ಷ ಯಾವುದಕ್ಕೆ? ಊರು ಹೇಳಿದ್ದಕ್ಕೆ. ಆದರೂ ನನ್ನನ್ನು ಕೇಳಿದಿರಿ, ಹೇಳುತ್ತೇನೆ: ನೀರು ಮತ್ತು ಮೇವು. ಕ್ವಾರಿ ಬಂದ ಬೆಟ್ಟ ಮೊದಲು ಕುರಿ ಮೇಯುತ್ತಿದ್ದ ಜಾಗ. ಹೆಸರುವಾಸಿ ಬಂಡೂರು ಕುರಿಯ ಬಂಡೂರು ಇರುವುದು ನಿಮ್ಮ ತಾಲೂಕಿನಲ್ಲೇ. ಜಾಗ ನಿಮ್ಮ ಗುತ್ತಿಗೆಗೆ ಹೋದಾಗ ಕುರಿ ಸಾಕುವವರು ಏನು ಕಳೆದುಕೊಂಡರು ಅಂತ ಯಾರೂ ಲೆಕ್ಕ ಹಾಕಿರುವುದಿಲ್ಲ, ಯಾಕೆಂದರೆ ಅವರ ಹೆಸರಲ್ಲಿ ಪಹಣಿ ಇರುವುದಿಲ್ಲ. ಅದೇ ತಾಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುಂದೂರು ಬೆಟ್ಟದ ಸೀಮೆಯಲ್ಲಿ ತಮ್ಮ ಕೈಯಾರೆ ಒಂದರ ಹಿಂದೆ ಒಂದು ಕಟ್ಟೆ ತೋಡಿ, ಬರದಲ್ಲೂ ಕುರಿ, ಹಕ್ಕಿಗಳಿಗೆ ನೀರು ನಿಲ್ಲುವ ಹಾಗೆ ಮಾಡಿದರು. 2020ರಲ್ಲಿ ಪ್ರಧಾನಿಯ ರೇಡಿಯೋ ಮಾತಿನಲ್ಲಿ ಅವರ ಹೆಸರು ಬಂದ ಮೇಲೆ ದೇಶಕ್ಕೇ ಗೊತ್ತಾಯಿತು. 2022ರಲ್ಲಿ ತೀರಿಕೊಂಡರು. ಹಾರೆ, ಗುದ್ದಲಿ ಹಿಡಿದ ಒಬ್ಬ ಬಡವರು ಅಷ್ಟು ಮಾಡಿದ ಕಡೆ, ಹಿಟಾಚಿ ಇರುವ ನೀವು ಎಷ್ಟು ಮಾಡಬಹುದು! ಮಳೆಗಾಲದಲ್ಲಿ ಯಂತ್ರ ಸುಮ್ನೆ ನಿಂತಿರುವ ದಿನಗಳಿಗೆ ಮುಂಚೆ, ಬೇಸಿಗೆಯಲ್ಲೇ ಊರಿನ ಹಿರಿಯರು ತೋರಿಸಿದ ಜಾಗದಲ್ಲಿ ಕಟ್ಟೆ ತೋಡಿಸಿ, ಕೆರೆಗೆ ನೀರು ಬರುವ ಕಾಲುವೆಯಲ್ಲಿ ನಿಮ್ಮ ಕಲ್ಲುಪುಡಿ ತುಂಬಿದ್ದರೆ ಬಿಡಿಸಿ. ಕ್ವಾರಿಯಿಂದ ನೀರು ಪಂಪ್ ಮಾಡುತ್ತಿದ್ದರೆ ಸುತ್ತಲ ಬಾವಿ, ಬೋರ್‌ವೆಲ್‌ಗಳ ಮಟ್ಟವನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆ ಆದ ಮೇಲೆ ಒಮ್ಮೆ ಅಳೆದು ಬರೆದಿಡಿ. ಮಟ್ಟ ಇಳಿದದ್ದು ಕಂಡರೆ ಆ ಪಂಪಿನ ನೀರನ್ನು ಅವರ ಕಟ್ಟೆಗೇ ಬಿಡಬಹುದು. ಬಿಡುವ ಮೊದಲು ಪರೀಕ್ಷೆ ಮಾಡಿಸಿ.

ಗುತ್ತಿಗೆ ಮುಗಿಯಲು ಇನ್ನು ಎಷ್ಟು ವರ್ಷ ಇದೆ ಅಂತ ನೀವು ಬರೆದಿಲ್ಲ. ಎಷ್ಟೇ ಇರಲಿ, ಗುಂಡಿಯ ಬಗ್ಗೆ ಈಗಲೇ ಊರಿನ ಜೊತೆ ಕೂತು ತೀರ್ಮಾನ ಮಾಡಿ. ಬಿಟ್ಟುಹೋದ ಕ್ವಾರಿ ಗುಂಡಿಗಳಲ್ಲಿ ಈಜಲು ಇಳಿದ ಮಕ್ಕಳು ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ನೆಟ್ಟಗೆ ನಿಂತ ಬಂಡೆಗೋಡೆಗೆ ಕೈ ಹಿಡಿಯಲು ಏನೂ ಇರುವುದಿಲ್ಲ. ಕೆಲಸ ನಡೆಯುವಾಗಲೇ ಒಂದು ಬದಿಯನ್ನು ಮೆಟ್ಟಿಲು ಮೆಟ್ಟಿಲಾಗಿ, ಇಳಿಜಾರಾಗಿ ಬಿಡುತ್ತಾ ಹೋಗಿ. ಸುತ್ತ ತಂತಿಬೇಲಿ, ಕನ್ನಡದಲ್ಲಿ ಎಚ್ಚರಿಕೆ ಬೋರ್ಡ್ ಇವತ್ತಿನಿಂದಲೇ ಇರಲಿ. ಮುಚ್ಚುವ ಖರ್ಚಿಗೆ ಅಂತ ಪ್ರತಿ ಲೋಡಿಗೆ ಇಷ್ಟು ಅಂತ ತೆಗೆದು, ಪಂಚಾಯಿತಿಯೂ ಸಹಿ ಹಾಕಬೇಕಾದ ಜಂಟಿ ಖಾತೆಯಲ್ಲಿ ಇಡಿ. ಆ ಗುಂಡಿಯಲ್ಲಿ ಮೀನು ಸಾಕಬೇಕಾ, ತೋಟಕ್ಕೆ ನೀರೆತ್ತಬೇಕಾ, ಮಣ್ಣು ತುಂಬಿ ಮತ್ತೆ ಮೇವು ಬೆಳೆಸಬೇಕಾ ಅನ್ನುವುದನ್ನು ಊರು ಹೇಳಲಿ. ಮುಂದಿನ ಗ್ರಾಮಸಭೆ ಯಾವತ್ತು ಅಂತ ಪಿಡಿಒ ಅವರನ್ನು ಕೇಳಿ, ಆ ದಿನದ ವಿಷಯಪಟ್ಟಿಗೆ ಇದನ್ನೂ ಹಾಕಿಸಿ.